ಶೌಕಿಗೆ ಕೊಡದ ಕಿತ್ತಳೆ

ಮನ್ಸೂರ ಆಸ್ಪತ್ರೆ, ಗುರುವಾರ

ಪ್ರೀತಿಯ ಅತ್ತೆಗೆ ಇನ್ಸಾಫಳ ಸಲಾಮು.

ಅಸ್ವಾನಿನಿಂದ ನೀವು ಕಳಿಸಿದ ಕಿತ್ತಳೆ ತಲುಪಿತು. ಆದರೆ ಶೌಕಿಯವರಿಗೆ ಕೊಡಲಿಲ್ಲ. ಕಾಲಿನ ಹುಣ್ಣಿಗೆಂದು ಕೊಟ್ಟ ಇಂಜೆಕ್ಷನ್ನೇ ಅವರ ಮೂತ್ರಪಿಂಡವನ್ನು ಕೆಡಿಸಿತ್ತು. ಇಂಥ ಸ್ಥಿತಿಯಲ್ಲಿ ಕಿತ್ತಳೆಯಲ್ಲಿರುವ ಪೊಟ್ಯಾಸಿಯಂ ಹೃದಯಕ್ಕೆ ಅಪಾಯವಂತೆ.

"ವಿಟಮಿನ್ ಕೊಟ್ರೆ ಮೂತ್ರಪಿಂಡ ಉಳಿಯುತ್ತೆ ಅಂತ ಅತ್ತೆ ರೇಡಿಯೋದಲ್ಲಿ ಕೇಳಿದ್ದಾರೆ" ಎಂದು ನಾನು ಡಾಕ್ಟರ್ ರಬಾಬ್ ಅವರಲ್ಲಿ ಹಟ ಹಿಡಿದೆ. ಅವರು ಪ್ರಯೋಗಶಾಲೆಗೆ ಕರೆದೊಯ್ದು ಎರಡು ಇಲಿಗಳ ಮೂತ್ರಪಿಂಡ ತೋರಿಸಿದರು. ಬರೀ ಇಂಜೆಕ್ಷನ್ ಪಡೆದ ಇಲಿಯದು ಊದಿಕೊಂಡು ಬಿಳಿಚಿತ್ತು; ಜೊತೆಗೆ ವಿಟಮಿನ್ನೂ ತಿಂದ ಇಲಿಯದು ಆರೋಗ್ಯವಾಗಿ ಕೆಂಪಗಿತ್ತು.

"ಇಲೀಲಿ ಹೀಗಾಯ್ತು ತಂಗಿ. ಮನುಷ್ಯರಲ್ಲೂ ಆಗುತ್ತೆ ಅಂತ ಹೇಳೋಕೆ ನನಗಿನ್ನೂ ಧೈರ್ಯ ಇಲ್ಲ" ಎಂದರು.

ಇದನ್ನು ಹೇಳಿದಾಗ ನಿಮ್ಮ ಮಗ, "ಥೂ, ಇಲಿಯಾಗಾದ್ರೂ ಹುಟ್ಟಬಾರದಿತ್ತಾ ನಾನು!" ಎಂದು ನಕ್ಕು, ಗೋಡೆಯ ಕಡೆ ತಿರುಗಿ ಮಲಗಿದರು.

ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮೂತ್ರಪಿಂಡ ಚೇತರಿಸಿಕೊಂಡಿತು, ಹುಣ್ಣು ಮಾತ್ರ ಕೊಳೆತು ಕಾಲಿನ ಮೇಲಕ್ಕೆ ಹಬ್ಬಿತು. ನಿನ್ನೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಈಗ ಜೀವಕ್ಕೆ ಭಯವಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಕರೆತರುತ್ತೇನೆ. ಅಷ್ಟರಲ್ಲಿ ಬಾಗಿಲ ಮೆಟ್ಟಿಲಿಗೆ ಹಿಡಿಕೆ ಹಾಕಿಸಿ.

"ಅಮ್ಮನಿಗೆ ಬರೀಬೇಡ" ಎಂದಿದ್ದಾರೆ. ಆದರೂ, ಊರಿಗೆ ಬಂದಾಗ ಅವರ ಕಣ್ಣೆದುರೇ ನೀವು ಚೀರಬಾರದೆಂದು ಬರೆದೆ. ಅಳುವುದಿದ್ದರೆ ಈಗಲೇ ಅತ್ತುಬಿಡಿ.

ಅವಸರದಲ್ಲಿ,
ನಿಮ್ಮ ಸೊಸೆ