ಭಂಡಾರ ಮೆತ್ತಿದ ಬಾವಿಗಳು

ಕುಂದಗೋಳ
೩೧ ಅಕ್ಟೋಬರ್ ೧೯೮೮

ಪ್ರೀತಿಯ ರೇವಾ ವೈನಿಯವರಿಗೆ,

ನಿಮ್ಮ ಏಕಮಾತ್ರ ಮೈದುನನೂ ಸದ್ಯಕ್ಕೆ ಈ ಮನೆಯ ಮೊದಲನೇ ನಂಬರಿನ ಅಪರಾಧಿಯೂ ಆದ ಮೈಲಾರಪ್ಪನು ತಲೆಬಾಗಿ ಮಾಡಿಕೊಳ್ಳುವ ವಿನಂತಿ ಏನೆಂದರೆ, ಮೊದಲು ನಿಮ್ಮ ಕ್ಷೇಮ ತಿಳಿಸಬೇಕು. ಸೊಂಟದ ನೋವು ಇಳಿಯಿತೇ? ಅಳ್ನಾವರದ ಥಂಡಿ ಕೆಟ್ಟದ್ದು, ಬಾಣಂತಿ ಕಿವಿಗೆ ಅರಿವೆ ಕಟ್ಟಿಕೊಂಡೇ ಇರಬೇಕು ಎಂದು ಅವ್ವನ ಆಜ್ಞೆ. ನೀವು ಕಟ್ಟಿಕೊಂಡಿಲ್ಲವೆಂದು ನನಗೆ ಗೊತ್ತು, ಆದರೆ ಕಟ್ಟಿಕೊಂಡಿದ್ದಾರೆಂದು ಅವ್ವನಿಗೆ ಪ್ರಮಾಣ ಮಾಡಿ ಹೇಳಿದ್ದೇನೆ. ಕೂಸು ಹೇಗಿದೆ? ಮೂಗಿನ ತಕರಾರು ಇಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅಣ್ಣ ತನ್ನದೆನ್ನುತ್ತಾನೆ, ಅವ್ವ ತನ್ನದೆನ್ನುತ್ತಾಳೆ. ತಾವು ಕೂಸನ್ನು ಒಳ್ಳೆಯ ಬೆಳಕಿನಲ್ಲಿ ಹಿಡಿದು ನೋಡಿ, ಯಾರ ಮುಲಾಜಿಗೂ ಒಳಗಾಗದೆ, ಲಿಖಿತ ವರದಿ ಕಳಿಸಬೇಕು.

ಇನ್ನು ಸುದ್ದಿ. ಕೂಸು ತೊಡೆಯ ಮೇಲಿದ್ದರೆ ಕೆಳಗೆ ಮಲಗಿಸಿ ಓದಿರಿ. ನಿಮ್ಮ ಬಾವಿಗಳು ಹೋಗಿದ್ದವು, ವೈನಿ. ಸಾವಿರದ ನೂರಾ ಅರವತ್ತಮೂರೂ ಬಾವಿಗಳು. ಎದೆ ಹಿಡಿದುಕೊಳ್ಳಬೇಡಿರಿ, "ಹೋಗಿದ್ದವು" ಎಂದು ಬರೆದಿದ್ದೇನೆ, "ಹೋದವು" ಎಂದಲ್ಲ. ಆದರೂ ನಾಲ್ಕು ದಿನ ಈ ಮನೆಯಲ್ಲಿ ಯಾರಿಗೂ ರೊಟ್ಟಿ ಇಳಿಯಲಿಲ್ಲ. ಎರಡು ವರ್ಷ ಬಸ್ಸು, ಚಕ್ಕಡಿ, ಕಾಲುನಡಿಗೆಯಲ್ಲಿ ಅರವತ್ತೆರಡು ಊರು ತಿರುಗಿ, ಬಾವಿಯ ಹೆಸರೇನು, ಎಷ್ಟು ಮೊಳ ಆಳ, ನೀರು ಸಿಹಿಯೋ ಸವಳೋ, ಯಾವ ತಿಂಗಳು ಬತ್ತುತ್ತದೆ ಎಂದು ನೀರು ಸೇದುವ ಹೆಂಗಸರನ್ನೇ ಕೇಳಿ ಬರೆದುಕೊಂಡು, ಏಳು ತಿಂಗಳ ಹೊಟ್ಟೆ ಹೊತ್ತು ಸಂಸ್ಥೆಯ ಕಂಪ್ಯೂಟರಿನ ಮುಂದೆ ಕೂತು ನೀವೇ ತುಂಬಿಸಿದ ಯಾದಿ ಅದು. ಮಳೆಗಾಲದಲ್ಲಿ ಆಫೀಸಿನ ಮಾಳಿಗೆ ಸೋರಿ ಕಾಗದಗಳೆಲ್ಲ ಮುದ್ದೆಯಾದ ಮೇಲೆ ಉಳಿದದ್ದು ಎರಡೇ ಎರಡು ಫ್ಲಾಪಿ, ಒಂದು ಅಸಲು, ಒಂದು ನಕಲು. ಅವೆರಡನ್ನೂ ಸೋರದ ಜಾಗದಲ್ಲಿಡು ಎಂದು ನನ್ನ ಕೈಗೆ ಕೊಟ್ಟು ನೀವು ತವರಿಗೆ ಹೋದಿರಿ. ನಾನು ಅಕ್ಷರಶಃ ಪಾಲಿಸಿದೆ. ನಮ್ಮ ದೇವರ ಜಗಲಿಯ ಮೇಲಿನ ಗೋಡೆಯ ಮಾಡದಲ್ಲಿ ಇಟ್ಟೆ. ಅಲ್ಲಿ ಒಂದು ಹನಿಯೂ ಸೋರುವುದಿಲ್ಲ.

ದಸರಾದ ಖಂಡೇಪೂಜೆ ಬಂತು. ಅಣ್ಣನ ಮಗ್ಗದ ಲಾಳಿ, ಕುರಿ ಕತ್ತರಿಸುವ ಕತ್ತರಿ, ಕುಡುಗೋಲು, ಸೈಕಲ್ಲು ಎಲ್ಲ ಸಾಲಾಗಿ ಕೂತವು. ಅವ್ವ ಸುತ್ತಲೂ ನೋಡಿ, "ರೇವವ್ವಂದು ಏನೂ ಇಲ್ಲಲ್ಲೋ! ಅಕಿ ದುಡಿಯೂದು ಯಾತರಾಗ?" ಎಂದಳು. ನಾನು ಸುಮ್ಮನಿರಬಹುದಿತ್ತು. ಆದರೆ ನಿಮ್ಮ ಮೈದುನನ ನಾಲಿಗೆಯ ಕಥೆ ನಿಮಗೆ ಗೊತ್ತೇ ಇದೆ. ಎರಡೂ ಫ್ಲಾಪಿಗಳನ್ನು ತಟ್ಟೆಯಲ್ಲಿಟ್ಟು ತಂದು, ಗಂಭೀರ ಮುಖ ಮಾಡಿ, "ಅವ್ವಾ, ಇದಕ್ಕ ಬಾಯಿ ಐತಿ ನೋಡು. ಬಾಯಿಗೆ ಮುಟ್ಟಿಸಿದ್ರ ಮಾತ್ರ ಪೂಜಿ ಒಳಗ ಹೊಕ್ಕೈತಿ" ಎಂದು ಆ ಉದ್ದನೆಯ ಕಿಂಡಿ ತೋರಿಸಿದೆ. ಅವ್ವ ನಗಲಿಲ್ಲ. ದೇವರ ಅರಿಶಿಣ ಭಂಡಾರವನ್ನು ಕಾಯಿಯ ನೀರಿನಲ್ಲಿ ಕಲಸಿ, ಕಿಂಡಿಯೊಳಗೆ ಹೆಬ್ಬೆರಳಿಟ್ಟು, ತುಂಬುಭಕ್ತಿಯಿಂದ ತಿಕ್ಕಿದಳು. ಅಸಲಿಗೊಂದು, ನಕಲಿಗೊಂದು. ಭೇದವೆಣಿಸಲಿಲ್ಲ. ಫ್ಲಾಪಿಯೊಳಗಿನ ಆ ಕಂದು ತಟ್ಟೆ ಎಷ್ಟು ನಾಜೂಕೆಂದು ಹುಬ್ಬಳ್ಳಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಮೂರು ತಿಂಗಳು ಓದಿ ಸರ್ಟಿಫಿಕೇಟು ತಂದ ಈ ಮಹಾಪಂಡಿತನು ಆಗ ಬಾಜೂಕ್ಕೆ ನಿಂತು ಮಂಗಳಾರತಿ ಹಾಡುತ್ತಿದ್ದನು.

ಹಬ್ಬ ಮುಗಿಸಿ ಸೋಮವಾರ ನಿಮ್ಮ ಬದಲಿಗೆ ಆಫೀಸಿಗೆ ಹೋದರೆ ಸಂಸ್ಥೆಯ ಧಾರವಾಡ ಕಚೇರಿಯ ಪತ್ರ ಕಾದಿತ್ತು. ಶುಕ್ರವಾರ ಅಲ್ಲಿಯ ಮುಖ್ಯಸ್ಥೆ ಮೇಡಂ ಬಂದು ಯಾದಿ ನೋಡುತ್ತಾರೆ, ಸಮಾಧಾನವಾದರೆ ಸಂಕ್ರಾಂತಿಯವರೆಗೆ ನಿಮ್ಮ ಜಾಗ ನಿಮಗೇ ಇಡುತ್ತಾರೆ, ಇಲ್ಲವಾದರೆ ಕುಂದಗೋಳದ ಕೆಲಸವನ್ನೇ ಮುಚ್ಚುತ್ತಾರೆ. ನಾನು ಶಿಳ್ಳೆ ಹೊಡೆಯುತ್ತ ಅಸಲು ಫ್ಲಾಪಿ ಹಾಕಿದೆ. ಒಣಗಿದ ಗಾಣ ತಿರುಗಿದಂತೆ ಗರ್ ಗರ್ ಎಂದಿತು. ಆಮೇಲೆ ಇಂಗ್ಲಿಷಿನಲ್ಲಿ, ಬಿಡುತ್ತೀಯೋ, ಮತ್ತೆ ನೋಡುತ್ತೀಯೋ, ಸೋತೆನೆನ್ನುತ್ತೀಯೋ ಎಂದು ಕೇಳಿತು. ಮತ್ತೆ ನೋಡುತ್ತೇನೆ ಎಂದೆ. ಇಪ್ಪತ್ತು ಸಲ ಅಂದೆ. ಹೊರಗೆಳೆದು ನೋಡಿದರೆ, ಒಣಗಿದ ಭಂಡಾರ ಉಸುಕಿನಂತೆ ಕೊರೆದು ತಟ್ಟೆಯ ಮೇಲೆ ದುಂಡಗೆ ಗೀರು ಎದ್ದಿತ್ತು. ಅಸಲು ಸತ್ತಿತ್ತು, ವೈನಿ, ಕೊಂದವನು ನಾನು. ನಕಲನ್ನು ಹಾಕಲು ಕೈ ಬರಲಿಲ್ಲ.

ಪೋಸ್ಟಾಫೀಸಿಗೆ ಓಡಿ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿದೆ. ನನಗೆ ಕಂಪ್ಯೂಟರ್ ಕಲಿಸಿದ ಲಕ್ಷ್ಮಣಪ್ಪ ಮಾಸ್ತರರು ಎಲ್ಲ ಕೇಳಿ, ಟ್ರಂಕ್ ಕಾಲಿನ ಮೂರು ನಿಮಿಷದಲ್ಲಿ ಒಂದು ನಿಮಿಷ ಪೂರ್ತಿ ನಕ್ಕರು. ಆಮೇಲೆ, "ಲೇ ಮೈಲಾರಿ, ತೊಳಿಯಲೇ ಅದನ್ನ" ಎಂದರು. "ಏನ್ರಿ ಸರ, ತೊಳೀಲ್ಯಾ?" "ಹೌದಲೇ. ನಕಲಿನ ಮ್ಯಾಲಿನ ಜಾಕೀಟು ಒಂದು ಬದಿ ಕತ್ತರಿಸು, ತಟ್ಟಿ ಹೊರಗ ತಗಿ, ಬ್ಯಾಟರಿಗೆ ಹಾಕೂ ಶುದ್ಧ ನೀರಾಗ ತೊಳಿ, ನೆಳ್ಳಾಗ ಒಣಗಸು, ಹೊಸಾ ಫ್ಲಾಪಿ ಜಾಕೀಟಿನಾಗ ತೊಡಸು. ಒಮ್ಮೆ ತಿರುಗಿದ್ರ ಸಾಕು, ಫೈಲು ಇನ್ನೊಂದು ಹೊಸಾ ಫ್ಲಾಪಿಗೆ ಇಳಿಸಿಕೋ. ಎರಡನೇ ಸಲ ಆಸೆ ಇಟ್ಕೋಬ್ಯಾಡ."

ಬ್ಯಾಟರಿ ನೀರು ರಸೂಲಸಾಬ ಕಾಕಾನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಸಿಕ್ಕಿತು. ಬಾವಿಗಳನ್ನು ತೊಳೆಯಲಿಕ್ಕೆ ಎಂದದ್ದಕ್ಕೆ ಅವನು ನನ್ನ ಹಣೆ ಮುಟ್ಟಿ ಜ್ವರ ನೋಡಿದ. ಮನೆಯಲ್ಲಿ ನಕಲಿನ ಜಾಕೀಟು ಕತ್ತರಿಸಿ ತಟ್ಟೆಯನ್ನು ಹೊರಗೆ ತೆಗೆದು, ತೊಳೆಯಲು ತೋಳು ಮಡಚಿದೆ. ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದ ಅವ್ವ, "ಸರೀಲೇ ಹುಚ್ಚ, ಹಚ್ಚಿದಾಕಿ ನಾ, ತಗಿಯಾಕಿನೂ ನಾನs" ಎಂದು ಸೆರಗು ಸಿಕ್ಕಿಸಿ ಕೂತಳು. ಅರಿಶಿಣದ ಕಲೆ ಒಗೆದು ಒಗೆದು ಸವೆದ ಕೈ ಅದು. ಉಜ್ಜಲಿಲ್ಲ, ತಿಕ್ಕಲಿಲ್ಲ. ಕೂಸಿನ ನೆತ್ತಿಯ ಮೇಲೆ ನೀರು ಬಿಡುವಂತೆ ಬಿಟ್ಟು, ಬೆರಳ ತುದಿಯಿಂದ ಹಾಗೇ ಸವರಿದಳು. ಹಳದಿ ನೀರು ಇಳಿಯಿತು, ಅಂಟು ಇಳಿಯಿತು. ಅಣ್ಣನ ಮದುವೆಯ ಧೋತರದ ಮೇಲೆ ನೆರಳಿನಲ್ಲಿ ಒಣಗಲಿಟ್ಟು, ನೊಣ ಕೂರದಂತೆ ಇಡೀ ಮಧ್ಯಾಹ್ನ ಸೆರಗು ಬೀಸುತ್ತ ಕೂತಳು. ಉಣ್ಣಲು ಎದ್ದು ಬಾ ಎಂದರೆ, "ನೀ ಉಣ್ಣು, ನಿನಗ ನಾಚಿಕಿ ಇಲ್ಲ" ಎಂದಳು.

ಬುಧವಾರ ಅದು ತಿರುಗಿತು, ವೈನಿ! ಫೈಲು ಹೊಸ ಫ್ಲಾಪಿಗೆ ಇಳಿಯಿತು. ನಾನು ಕುರ್ಚಿಯ ಮೇಲೆ ಹತ್ತಿ "ಏಳು ಕೋಟಿಗೋ" ಎಂದು ನಮ್ಮ ದೇವರ ಜಯಕಾರ ಕೂಗಿದೆ. ಇಳಿದು ತೆರೆಯಹೋದರೆ ಯಂತ್ರ ತಣ್ಣಗೆ, ಇದು ಯಾದಿಯೇ ಅಲ್ಲ ಎಂದಿತು. ಮತ್ತೆ ಟ್ರಂಕ್ ಕಾಲ್. ಮಾಸ್ತರರು ಬಿಡಿಸಿ ಹೇಳಿದರು: ಫೈಲಿನ ತಲೆಯ ಭಾಗದಲ್ಲಿ ಎಷ್ಟು ಅಂಕಣ, ಒಂದೊಂದು ಎಷ್ಟು ಅಕ್ಷರ ಅಗಲ ಎಂದು ಬರೆದಿರುತ್ತದೆ, ಭಂಡಾರ ತಿಂದದ್ದು ಅದನ್ನೇ. ಮುಂಡ ನೆಟ್ಟಗಿದೆ. ಅಂಥದೇ ಅಂಕಣಗಳ ಇನ್ನೊಂದು ಖಾಲಿ ಫೈಲು ಮಾಡಿ ಅದರ ತಲೆ ತಂದು ಇದಕ್ಕೆ ಕೂಡಿಸು. ಗಣಪತಿಗೆ ಮಾಡಿದ ಹಾಗೆ ಎಂದು ನಾನು ಅಂದೆ. ನಗಲು ಸಮಯವಿಲ್ಲದೆ ಅವರು ಫೋನಿಟ್ಟರು.

ಅಂಕಣಗಳ ಹೆಸರು ಬಾಯಿಪಾಠವಿತ್ತು, ಅಗಲ ಗೊತ್ತಿರಲಿಲ್ಲ. ಅಂದಾಜಿನಿಂದ ಹಾಕಿ ತಲೆ ಕೂಡಿಸಿದೆ. ಯಾದಿ ತೆರೆಯಿತು, ಆದರೆ ಎಂಥ ಯಾದಿ! ಊರಿನ ಹೆಸರಿನ ಬಾಲ ಬಾವಿಯ ಹೆಸರಿಗೆ, ಬಾವಿಯ ಬಾಲ ಆಳಕ್ಕೆ. ಒಂದು ಬಾವಿಯ ಆಳ "ಸಿಹಿ" ಎಂದಿತ್ತು. ಗುರುವಾರ ಮಧ್ಯಾಹ್ನವಾದರೂ ನಾನು ಅಗಲ ಬದಲಿಸುತ್ತಲೇ ಇದ್ದೆ, ಮೇಡಂ ಬರಲು ಒಂದೇ ದಿನ. ಅವ್ವ ಕೊಟ್ಟ ಬುತ್ತಿ ತಂದ ಅಣ್ಣ ನನ್ನ ಹಿಂದೆ ನಿಂತ. ಅವನಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬಾರದೆಂದು ನಿಮಗೆ ಗೊತ್ತು. ಪರದೆಯನ್ನು ತುಸು ಹೊತ್ತು ನೋಡಿ, "ಇದನ್ನ ಯಾವ ಹುಂಬ ನೇಯ್ದಾನೋ?" ಎಂದ. ನಾನೇ ಎಂದೆ. "ಸಾಲು ಸಾಲಿಗೆ ಒಂದೊಂದು ಎಳಿ ಬಲಕ್ಕ ಸರದೈತಿ ನೋಡು. ಹಾಸಿನ್ಯಾಗ ಒಂದು ಎಳಿ ಕಡಿಮಿ ಹಾಕಿದ್ರ ಕಂಬಳಿ ಪಟ್ಟಿ ಹಿಂಗs ಸೊಟ್ಟ ಹೊಕ್ಕಾವು. ಒಂದು ಎಳಿ ಹಾಕು." ನೋಡಿದರೆ ಹೌದು! ಪ್ರತಿ ಸಾಲೂ ಮೇಲಿನ ಸಾಲಿಗಿಂತ ಸರಿಯಾಗಿ ಒಂದಕ್ಷರ ಬಲಕ್ಕೆ ಜಾರಿ, ಹೆಸರುಗಳು ಮೆಟ್ಟಿಲಿನಂತೆ ಇಳಿದಿದ್ದವು. ಊರಿನ ಹೆಸರಿನ ಅಂಕಣಕ್ಕೆ ಒಂದಕ್ಷರ ಅಗಲ ಹೆಚ್ಚಿಸಿದೆ. ಗುಂಡಿ ಒತ್ತಿದೆ. ಸೈನ್ಯ ಸಾಲುಗಟ್ಟಿ ನಿಂತಂತೆ ನಿಂತವು ನೋಡಿರಿ ನಿಮ್ಮ ಬಾವಿಗಳು! ಊರಿನ ಕೆಳಗೆ ಊರು, ಮೊಳದ ಕೆಳಗೆ ಮೊಳ, ಸಿಹಿಯ ಕೆಳಗೆ ಸವಳು. ನಾನು ಅಣ್ಣನನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಬುತ್ತಿ ಚೆಲ್ಲಿತು. ಎಣಿಸಿದರೆ ಸಾವಿರದ ನೂರಾ ಐವತ್ತೆರಡು. ಹನ್ನೊಂದು ಮಾತ್ರ ಅಳಿಸಿಹೋಗಿವೆ, ಅವು ಯಾವ ಊರಿನವೆಂದು ಹುಡುಕಿ ಸೈಕಲ್ ಮೇಲೆ ಹೋಗಿ ನಾನೇ ಅಳೆದು ಬರುತ್ತೇನೆ. ಇದು ನನಗೆ ನಾನೇ ವಿಧಿಸಿಕೊಂಡ ಶಿಕ್ಷೆ.

ಶುಕ್ರವಾರ ಮೇಡಂ ಬಂದರು. ಕನ್ನಡಕ ಏರಿಸಿ, "ಬ್ಯಾಸಿಗಿಯೊಳಗೂ ಬತ್ತದ ಸಿಹಿ ನೀರಿನ ಬಾವಿ ಎಷ್ಟದಾವ್ರಿ?" ಎಂದರು. ನಾನು ಎರಡು ಸಾಲು ಬರೆದು ಗುಂಡಿ ಒತ್ತಿದೆ. ಮೂವತ್ತೇಳು ಬಾವಿ ಹೆಸರು ಹೇಳಿಕೊಂಡು ಬಂದವು. ಮೇಡಂ ಒಂದೊಂದು ಹೆಸರನ್ನೂ ಬೆರಳಿಟ್ಟು ಓದಿದರು. ಆಮೇಲೆ, "ಇದನ್ನ ತಿರುಗ್ಯಾಡಿ ಕೂಡಿಸಿದಾಕೀನs ಮುಂದ ನಡಸಬೇಕು. ಬೇರೇದವರಿಂದ ಆಗೂ ಕೆಲಸ ಅಲ್ಲ ಇದು" ಎಂದರು. ಜಾಗ ನಿಮ್ಮದು. ಅಲ್ಲಿಯವರೆಗೆ ಕುರ್ಚಿ ಕಾಯಲು ನಾನಿದ್ದೇನೆ. ಒಂದೇ ಕಟ್ಟಳೆ: ಸಂಕ್ರಾಂತಿಗೆ ಬರುತ್ತೇನೆಂದು ನಿಮ್ಮ ಸ್ವಂತ ಅಕ್ಷರದಲ್ಲಿ ಬರೆದ ಕಾಗದ ನವೆಂಬರ್ ಹತ್ತರೊಳಗೆ ಅವರ ಕೈ ಸೇರಬೇಕು.

ಇದನ್ನು ಮನೆಯಲ್ಲಿ ಹೇಳಿದೆ. ಅಣ್ಣ, "ಕೂಸು ಸಣ್ಣದೈತಿ. ಅವ್ವ ಏನಂತಾಳ ನೋಡೂಣು" ಎಂದು ಮಗ್ಗದ ಕುಣಿಗೆ ಇಳಿದ. ಅವ್ವ ಏನೂ ಅನ್ನಲಿಲ್ಲ. ಮೂರು ದಿನವಾಯಿತು, ಇನ್ನೂ ಅಂದಿಲ್ಲ. ನಿಮ್ಮಿಂದ ಏನೂ ಮುಚ್ಚಿಡಬಾರದೆಂದು ಇದನ್ನೂ ಬರೆದಿದ್ದೇನೆ. ನಿಮ್ಮ ಅವ್ವ ಅಪ್ಪನವರಿಗೆ ನನ್ನ ಶರಣು, ಕೂಸಿಗೆ ಅದರ ಮೂಗಿನ ಮೇಲೊಂದು ಮುತ್ತು.

ನಿಮ್ಮ ಕ್ಷಮೆಗೆ ಕಾದಿರುವ,
ಮೈಲಾರಪ್ಪ

ತಾ.ಕ.: ಪಾಕೀಟಿಗೆ ಅಂಟು ಹಚ್ಚುತ್ತಿದ್ದಾಗ ಅವ್ವ ಬಂದು ಕಸಿದುಕೊಂಡಳು. ಟಪಾಲಿಗೆ ಹೊತ್ತಾಗಿದೆ, ಅವಳು ಹೇಳಿದಷ್ಟನ್ನೇ ಬರೆಯುತ್ತಿದ್ದೇನೆ: "ರೇವವ್ವಾ, ಬರ್ತೀನಂತ ಇವತ್ತs ಬರದು ಹಾಕು. ಕೂಸಿನ್ನ ನಾ ನೋಡ್ಕೋತೀನಿ. ಹಾಲಿನ ಹೊತ್ತಿಗೆ ಎತ್ತಿಕೊಂಡು ಆಫೀಸಿಗೆ ನಾನs ಬರ್ತೀನಿ. ನಿನ್ನ ಗಂಡಗ ಹೇಳೀನಿ, ಅವ ಹೂಂ ಅಂದಾನ." ಬರೆದು ಓದಿ ತೋರಿಸಿದೆ. "ನೀ ಬರದ್ರ ಅಕಿ ಚ್ಯಾಷ್ಟಿ ಅಂತ ತಿಳೀತಾಳ, ನಂಬೂದಿಲ್ಲ" ಎಂದು ನನ್ನ ಪೆನ್ನಿನ ಮಸಿಯನ್ನು ತಾನೇ ಸುರುವಿಕೊಂಡಳು. ಕೆಳಗಿರುವುದು ಅವ್ವನ ಎಡಗೈ ಹೆಬ್ಬೆಟ್ಟು.