ಡ್ಯಾನ್ಯೂಬಿನ ಬಣ್ಣ

ಗದಗ–ಬೆಟಗೇರಿ, ತಂಪುನೆಲೆ ಹದಿನೇಳು
ಫೆಬ್ರವರಿ 30, 2173

ಪೂಜ್ಯ ನೀಲಾಂಬಿಕಾ ಅಜ್ಜಿಯವರಿಗೆ ಹೊನ್ನವ್ವನ ಶರಣು ಶರಣಾರ್ಥಿ.

ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆಂದು ಕಾಗದವನ್ನು ಹರಿದು ಹಾಕಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ತಂಪಿನ ತಿಂಗಳು ಒಂದಿಷ್ಟಾದರೂ ಉದ್ದವಾಗಲಿ ಎಂದು ಸರಕಾರದವರು ಮೇ ತಿಂಗಳಿಂದ ಎರಡು ದಿನ ಕಿತ್ತು ಇದಕ್ಕೆ ಅಂಟಿಸಿದರು. ಬಿಸಿಲಿಗೆ ಮಾತ್ರ ಆ ಆದೇಶ ತಲುಪಲಿಲ್ಲ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮದೇ ಒಂದು ನೋಟ್‌ಬುಕ್ಕಿನಿಂದ. ಹೊಸ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಇಪ್ಪತ್ತಾರು ವರ್ಷ ಹೈಸ್ಕೂಲು ಮಕ್ಕಳ ತಪ್ಪು ತಿದ್ದಿದವರು ನೀವು, ನನ್ನದನ್ನೂ ತಿದ್ದಿಕೊಂಡು ಓದಬೇಕು.

ನಾನು ನಿಮ್ಮ ಕಿರಿಯ ತಂಗಿ ಕಸ್ತೂರಿಯ ವಂಶದವಳು, ಆಕೆಯಿಂದ ಐದನೆಯ ತಲೆಮಾರು. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ, ಒಂದು ದಿನಕ್ಕೆ, ಒಂದು ವಿಳಾಸಕ್ಕೆ. ಮುಟ್ಟುತ್ತದೆಂಬ ಖಾತ್ರಿಯನ್ನು ಕಚೇರಿಯವರೂ ಕೊಡುವುದಿಲ್ಲ. ಮುಟ್ಟಿದ್ದೇ ಆದರೆ, ಮನೆಯಲ್ಲಿ ಉಳಿದಿರುವ ಹಳೆಯ ವಸ್ತುಗಳಲ್ಲಿ ಅದರ ಗುರುತು ಮೂಡುತ್ತದಂತೆ. ಸಾಮಾನ್ಯವಾಗಿ ಜನ ಇದನ್ನು ಅಪಘಾತ ತಪ್ಪಿಸಲು, ಕಾಯಿಲೆಯ ಬಗ್ಗೆ ಎಚ್ಚರಿಸಲು ಬಳಸುತ್ತಾರೆ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಅರ್ಜಿ ಓದಿ ಕನ್ನಡಕ ತೆಗೆದು, “ಬರೇ ಒಂದು ಟ್ರಿಪ್ಪಿನ ಸಲುವಾಗಿ ಏನ್ರೀ?” ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೌದು ಎಂದೆ. ನಿಮಗೆ ಇದು 2026ರ ಮಾರ್ಚ್ ಎಂಟು, ರವಿವಾರ ಸಿಗಬೇಕು. ಯಾಕೆ ಅದೇ ದಿನ ಎಂಬುದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ನೋಟ್‌ಬುಕ್ಕು ನಮ್ಮ ಮನೆಯಲ್ಲಿದೆ. ಕಂದು ರಟ್ಟಿನ ಉದ್ದನೆಯ ಪುಸ್ತಕ. ನೀವು ನಾಲ್ವರು ಅಕ್ಕತಂಗಿಯರು ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಯುರೋಪಿನ ಆರು ಊರು ನೋಡಲು ಹೊರಟ ಹದಿನಾರು ದಿನಗಳ ಯೋಜನೆ ಅದರಲ್ಲಿದೆ: ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರೇಗ್, ಬುಡಾಪೆಸ್ಟ್. ಎಂಥ ಅಚ್ಚುಕಟ್ಟು ನಿಮ್ಮದು, ಅಜ್ಜಿ! ಯಾವ ರೈಲನ್ನು ಮೂರು ತಿಂಗಳು ಮೊದಲೇ ಕಾಯ್ದಿರಿಸಿದರೆ ಅಗ್ಗ, ಯಾವ ಹಾಸ್ಟೆಲ್ಲಿನಲ್ಲಿ ಅಡುಗೆಮನೆ ಬಳಸಲು ಬಿಡುತ್ತಾರೆ, ಎಲ್ಲಿ ನಲ್ಲಿ ನೀರನ್ನೇ ಕುಡಿಯಬಹುದು, ಎಲ್ಲವೂ ಇದೆ. ಪ್ರೇಗಿನಿಂದ ರಾತ್ರಿ ಬಸ್ಸು ಹಿಡಿದರೆ ಒಂದು ರಾತ್ರಿಯ ರೂಮು ಉಳಿಯಿತು ಎಂದು ಬರೆದು ಕೆಳಗೆ ಖುಷಿಯಿಂದ ಎರಡು ಗೆರೆ ಎಳೆದಿದ್ದೀರಿ. ಊಟಕ್ಕೆ ಖಡಕ್ ರೊಟ್ಟಿ, ತಲೆಗೆ ದಿನಕ್ಕೆ ನಾಲ್ಕು; ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಬೇರೆ ಬೇರೆ ಡಬ್ಬಿ; ಮೊಸರು ಅಲ್ಲಿಯೇ ಸಿಗುತ್ತದೆ. ಕೊನೆಯಲ್ಲಿ ಒಂದು ಪುಟಕ್ಕೆ ಪಟ್ಟಿ ಹಿಡಿದು ಗೆರೆ ಹಾಕಿ, ‘ನೋಡಿ ಬಂದು ಬರೆಯಬೇಕಾದದ್ದು’ ಎಂದು ತಲೆಬರಹ ಕೊಟ್ಟು, ಊರಿಗೊಂದು ಪ್ರಶ್ನೆ ಬರೆದಿದ್ದೀರಿ. ಆಮ್‌ಸ್ಟರ್‌ಡ್ಯಾಮ್: ಸಮುದ್ರಕ್ಕಿಂತ ಕೆಳಗೆ ನಿಂತಿದ್ದೇವೆಂದು ಅನ್ನಿಸುತ್ತದೆಯೇ? ಬುಡಾಪೆಸ್ಟ್: ಡ್ಯಾನ್ಯೂಬಿನ ಬಣ್ಣ ಯಾವುದು? ಇಪ್ಪತ್ತಾರು ವರ್ಷ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ನದಿಯನ್ನು ಎಳೆದವರಿಗೆ ಅದರ ಬಣ್ಣ ತಿಳಿಯುವ ಆಸೆ ಸಹಜವೇ. ಉತ್ತರದ ಜಾಗವನ್ನು ಖಾಲಿ ಬಿಟ್ಟಿದ್ದೀರಿ.

ನಮ್ಮ ಕಾಲದಲ್ಲಿ ಪ್ರವಾಸ ಹಣದ ಮೇಲೆ ನಿಂತಿಲ್ಲ. ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ದೂರಪಾಲು ಕೊಡುತ್ತಾರೆ. ಜೀವಮಾನದಲ್ಲಿ ಇಷ್ಟು ದೂರ ಹೋಗಬಹುದು, ಅದಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ ಅದು. ವಿಮಾನಗಳು ಔಷಧಿಗೆ, ವೈದ್ಯರಿಗೆ ಮಾತ್ರ. ಉಳಿದವರು ಕಾರವಾರದಲ್ಲಿ ಹಾಯಿಹಡಗು ಹತ್ತಿ ತಿಂಗಳ ಮೇಲೆ ಸಮುದ್ರದಲ್ಲಿ ಕಳೆದು ತ್ರಿಯೆಸ್ತೆ ಎಂಬ ಬಂದರಿನಲ್ಲಿ ಇಳಿಯಬೇಕು, ಅಲ್ಲಿಂದ ಮುಂದೆ ರೈಲು. ದಿನನಿತ್ಯದ ಬದುಕೂ ಹಾಗೆಯೇ ಅಳತೆಯದು. ನಾವಿರುವ ತಂಪುನೆಲೆ ಅಂದರೆ ನೆಲದ ಕೆಳಗಿನ ಓಣಿ, ಮೂವತ್ತು ಮನೆಗಳಿಗೆ ಒಂದು. ಬೆಳಿಗ್ಗೆ ಹತ್ತಕ್ಕೆ ಗಂಟೆ ಬಾರಿಸಿದರೆ ಸಂಜೆ ಐದರವರೆಗೆ ಯಾರೂ ಮೇಲೆ ಹೋಗುವಂತಿಲ್ಲ. ಅದಕ್ಕೆ ಮುಚ್ಚುಹೊತ್ತು ಎನ್ನುತ್ತೇವೆ. ಆ ಹೊತ್ತಿನಲ್ಲಿ ಹೆಂಗಸರು ಗಂಡಸರು ಎನ್ನದೆ ಎಲ್ಲರೂ ಓಣಿಯ ಸಾಮೂಹಿಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾರೆ. ಭತ್ತ ಹೋಯಿತು, ಗೋದಿ ಅಪರೂಪವಾಯಿತು, ಜೋಳ ಮಾತ್ರ ನಮ್ಮ ಕೈ ಬಿಟ್ಟಿಲ್ಲ.

ನಮ್ಮ ಮನೆಯಲ್ಲಿ ನಾಲ್ವರು. ನನ್ನ ತಾಯಿ ಮಂಜರಿ, ತಂಗಿ ಚಂಪಾ, ಹತ್ತೊಂಬತ್ತು ವರ್ಷದ ಮಗಳು ತುಂಗಾ, ನಾನು. ತಾಯಿಯ ದೂರಪಾಲು ಆಸ್ಪತ್ರೆಗೆ ಓಡಾಡುವುದರಲ್ಲೇ ಮುಗಿದಿದೆ. ಉಳಿದ ಮೂವರ ಪಾಲನ್ನು ಒಟ್ಟು ಮಾಡಿ, ನಿಮ್ಮ ನೋಟ್‌ಬುಕ್ಕು ಹಿಡಿದುಕೊಂಡು ನೀವು ಬರೆದ ಊರುಗಳನ್ನೇ ನೋಡಿ ಬರುವುದೆಂದು ಎರಡು ವರ್ಷ ತಲೆ ಕೆಡಿಸಿಕೊಂಡೆ. ಮೂವರು ಹೋದರೆ ಆರೂ ಊರು ಆಗುತ್ತದೆ. ನಾಲ್ವರು ಹೋದರೆ ಬಂದರು, ಅದರ ಮೇಲೆ ಇನ್ನೊಂದೇ ಊರು. ಪ್ರವಾಸದ ಅರ್ಜಿಯಲ್ಲಿ ತಾಯಿ, ತಂಗಿ, ಮಗಳು ಮೂವರ ಹೆಸರು ಬರೆದು ಯೋಜನೆಯನ್ನು ಮನೆಯವರ ಮುಂದೆ ಓದಿದೆ. ತುಂಗಾ ಪ್ಯಾರಿಸ್ ಎಂದು ಕೇಳಿದ್ದೇ ಕುಣಿದಾಡಿಬಿಟ್ಟಳು. ಚಂಪಾ, “ಎಷ್ಟು ಚೊಲೋ ಮಾಡೀಯವಾ, ನಿನ್ನ ಬಿಟ್ರ ಯಾರಿಗೂ ಬರೂದಿಲ್ಲ ಇದು” ಎಂದಳು. ನನ್ನ ಹೆಸರಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಂದು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಅದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಆ ಹೆಮ್ಮೆಯ ಅಡಿಯಲ್ಲಿ ಸಿಟ್ಟೂ ಇತ್ತು.

ಆಮೇಲೆ ಹಡಗಿಗೆ ಎಷ್ಟು ರೊಟ್ಟಿ ಬೇಕೆಂದು ಅಂದಾಜು ಮಾಡಲು ನಿಮ್ಮ ರೊಟ್ಟಿಯ ಪುಟ ತೆಗೆದೆ. ಅಲ್ಲಿ ನೀಲಿ ಶಾಯಿಯಲ್ಲಿ ಇನ್ನೂರ ಐವತ್ತಾರು ಎಂದಿದೆ. ಅದನ್ನು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ನೂರ ತೊಂಬತ್ತೆರಡು ಎಂದು ಬರೆದಿದೆ. ನೂರು ಸಲ ನೋಡಿದ್ದ ಪುಟ, ಆ ದಿನ ಮಾತ್ರ ಕೈ ನಿಂತುಬಿಟ್ಟಿತು. ಕಡಿಮೆಯಾದದ್ದು ಅರವತ್ತನಾಲ್ಕು. ಹದಿನಾರು ದಿನ, ದಿನಕ್ಕೆ ನಾಲ್ಕರಂತೆ, ಒಬ್ಬರ ಪಾಲಿನ ರೊಟ್ಟಿ. ಕೆಳಗೆ ನಿಮ್ಮದೇ ಅಕ್ಷರ: “ಮಾರ್ಚ್ 9. ಒಂದು ಊರು ತೆಗೆದರೆ ಉಳಿಯುವುದು ಅಷ್ಟಕ್ಕಷ್ಟೆ, ತಂಗಿಯರ ಮುಖ ಸಣ್ಣದಾಗುತ್ತದೆ. ಒಂದು ತಲೆ ಕಡಿಮೆಯಾದರೆ ಎಲ್ಲಾ ಹೊಂದುತ್ತದೆ.” ವಿಮಾನದ ಟಿಕೇಟು, ವೀಸಾ ತಲೆಲೆಕ್ಕದ್ದು, ನಿಮ್ಮ ಲೆಕ್ಕ ಸರಿಯೇ ಇದೆ. ತಂಗಿಯರು ಒಪ್ಪಿಕೊಂಡಿದ್ದಾರೆ ಎಂದೂ ಒಂದು ಸಾಲು ಬರೆದಿದ್ದೀರಿ. ಅವರಲ್ಲೊಬ್ಬರು ಆಡಿದ ಮಾತನ್ನು ಹಾಗೆಯೇ ಇಳಿಸಿದ್ದೀರಿ: “ಅಕ್ಕಾಗ ಇವೆಲ್ಲಾ ಬ್ಯಾಡ ಬಿಡ, ಆಕಿ ಎಲ್ಲಾ ಮ್ಯಾಪಿನ್ಯಾಗ ನೋಡ್ಯಾಳ.” ಆ ಸಾಲು ಓದಿ ನಾನು ಒಲೆಯ ಮುಂದೆ ಕೂತು ಅತ್ತೆ.

ಅವರು ಹೋಗಿ ಬಂದರು. ಬಹಳ ವರ್ಷಗಳಾದ ಮೇಲೆ ಕಸ್ತೂರಿ ನಿಮ್ಮ ಪ್ರಶ್ನೆಗಳ ಪುಟದ ಹಿಂಬದಿಗೆ ಬರೆದದ್ದನ್ನು ನೀವು ನೋಡಿರಲಾರಿರಿ: “ಅಕ್ಕಾ, ಸೇತುವಿ ಮ್ಯಾಲೆ ನಿಂತು ಭಾಳ ಫೋಟೋ ತಗೊಂಡ್ವಿ. ಬಂದ ಮ್ಯಾಲೆ ನೀ ಕೇಳಿದ್ದು ಒಂದಽ ಮಾತು, ಡ್ಯಾನ್ಯೂಬ್ ಯಾವ ಬಣ್ಣ ಇತ್ತು ಅಂತ. ನಾವು ಮೂವರೂ ನದೀಗೆ ಬೆನ್ನು ಹಚ್ಚಿ ನಿಂತಿದ್ವಿ. ಫೋಟೋದಾಗ ನೋಡೂಣಂದ್ರ ಹಿಂದಿಂದೆಲ್ಲಾ ಫೋನು ಮಸುಕು ಮಾಡಿಬಿಟ್ಟಿತ್ತು. ನೀಲಿ ಇತ್ತು ಅಂತ ಸುಳ್ಳು ಹೇಳಿದೆ. ನೀ ‘ಹೌದಾ’ ಅಂದು ಅಡಿಗಿಮನಿಗೆ ಹೋದಿ. ನೀ ಬರೀಲಿಲ್ಲ ಅದನ್ನ. ನಾ ಹೇಳಿದ್ದು ನೀ ನಂಬಲಿಲ್ಲ.” ಆಕೆ ಆ ಸುಳ್ಳನ್ನು ಹೊತ್ತುಕೊಂಡೇ ಮುದುಕಿಯಾದಳು. ನೀವು ಬಿಟ್ಟುಕೊಟ್ಟದ್ದು ಆಕೆಗೆ ಸುಖ ಕೊಡಲಿಲ್ಲ ಅಜ್ಜಿ. ಯಾರಿಗೂ ಕೊಡಲಿಲ್ಲ.

ಅದನ್ನು ಮತ್ತೆ ಓದಿದ ದಿನವೇ ನನ್ನ ಹೆಸರನ್ನು ಅರ್ಜಿಗೆ ಸೇರಿಸಿದೆ. ಐದು ಊರು ಹೊಡೆದುಹಾಕಿ ತ್ರಿಯೆಸ್ತೆ ಮತ್ತು ಬುಡಾಪೆಸ್ಟ್ ಉಳಿಸಿದೆ. ಊಟಕ್ಕೆ ಕೂತಾಗ ಹೇಳಿದೆ. ತುಂಗಾ ತಟ್ಟೆ ಸರಿಸಿ, “ಇಷ್ಟು ದೂರ ಹೋಗಿ ಎರಡಽ ಊರೇನು? ಮೊದಲಽ ಆಸೆ ಯಾಕ ಹಚ್ಚಿದಿ?” ಎಂದು ಎದ್ದು ಹೋದಳು, ಇವತ್ತಿಗೆ ಒಂಬತ್ತು ದಿನವಾಯಿತು, ನನ್ನೊಡನೆ ಮಾತಿಲ್ಲ. ತಾಯಿ ಮಾತ್ರ ನನ್ನ ಕೈ ಹಿಡಿದುಕೊಂಡರು. “ನಿನ್ನ ಹೆಸರಿಲ್ಲಂತ ನನಗ ಗೊತ್ತಽ ಆಗಲಿಲ್ಲಲ್ಲವಾ, ಹಡೆದಾಕಿ ನಾನು” ಎಂದರು. ಮಗಳ ಪ್ಯಾರಿಸನ್ನು ಕಿತ್ತುಕೊಂಡ ತಾಯಿ ಎಂಬ ಸಂಕಟ ನನಗೆ ತಪ್ಪಿಲ್ಲ. ಮಾಡಿದ್ದು ಸರಿಯೋ ತಪ್ಪೋ ಇನ್ನೂ ಗೊತ್ತಿಲ್ಲ. ಆದರೆ ನಾಳೆ ಅವಳು ನನಗೆ ಸುಳ್ಳು ಹೇಳಬೇಕಾಗಿ ಬರುವುದಿಲ್ಲ, ಅಷ್ಟು ಗೊತ್ತು.

ಹೋಗಿ ನಾನೇ ಬಣ್ಣ ನೋಡಿ ಬರೆಯಬಹುದಲ್ಲ ಎನ್ನಬೇಡಿ. ನಮ್ಮ ಹಡಗು ತಲುಪುವ ತಿಂಗಳಲ್ಲಿ ಡ್ಯಾನ್ಯೂಬಿನಲ್ಲಿ ಮರಳೇ ಹೆಚ್ಚು, ನಡುವೆ ಕಾಲುವೆಯಷ್ಟು ನೀರು. ಆ ಸೇತುವೆ ಇದೆ, ನಿಲ್ಲಬಹುದು, ಅಷ್ಟೆ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕಾಲದಲ್ಲಿ ಮಾತ್ರ ಹರಿಯುತ್ತಿದೆ. ಅದಕ್ಕೇ ನನ್ನ ಒಂದೇ ಕಾಗದವನ್ನು ಮಾರ್ಚ್ ಎಂಟಕ್ಕೆ ಬರೆದೆ. ಕೆಂಪು ಪೆನ್ನು ನಾಳೆ ನಿಮ್ಮ ಕೈಗೆ ಬರುತ್ತದೆ. ಹೊಡೆಯುವುದಾದರೆ ಬ್ರಸೆಲ್ಸ್ ಹೊಡೆಯಿರಿ, ಬರ್ಲಿನ್ ಹೊಡೆಯಿರಿ, ಸಾಲದಿದ್ದರೆ ಪ್ಯಾರಿಸನ್ನೂ ಹೊಡೆಯಿರಿ. ತಂಗಿಯರು ಮುಖ ಸಣ್ಣದು ಮಾಡಿಕೊಂಡರೆ ಮಾಡಿಕೊಳ್ಳಲಿ, ನಾಲ್ಕು ದಿನ ಮಾತು ಬಿಟ್ಟರೆ ಬಿಡಲಿ. ನಿಮ್ಮ ಹೆಸರಿನ ಮೇಲೆ ಗೆರೆ ಎಳೆಯಬೇಡಿ. ಮ್ಯಾಪಿನಲ್ಲಿ ನೋಡಿದ್ದು ನೋಡಿದಂತಲ್ಲ ಎಂದು ಮಕ್ಕಳಿಗೆ ಕಲಿಸಿದವರು ನೀವೇ ಇರಬೇಕು.

ಪ್ರತಿದಿನ ಮುಚ್ಚುಹೊತ್ತಿಗೆ ಮುಂಚೆ ಆ ಪುಟ ತೆಗೆದು ನೋಡುತ್ತೇನೆ. ಕಾಗದ ಮುಟ್ಟಿದ್ದರೆ ‘ಡ್ಯಾನ್ಯೂಬಿನ ಬಣ್ಣ ಯಾವುದು?’ ಎಂಬುದರ ಮುಂದೆ ನಿಮ್ಮ ಅಕ್ಷರ ಮೂಡಿರಬೇಕು. ಕಾಗದ ಇನ್ನೂ ಹಾಕಿಲ್ಲವೆಂದು ಗೊತ್ತಿದ್ದೂ ಇವತ್ತು ಬೆಳಿಗ್ಗೆಯೂ ನೋಡಿದೆ, ಖಾಲಿಯೇ ಇದೆ. ಹಸಿರಾಗಿರಲಿ, ಕೆಸರಾಗಿರಲಿ, ಕಂಡದ್ದನ್ನು ಬರೆಯಿರಿ. ಹೋಗಿ ಬನ್ನಿ ಅಜ್ಜಿ. ಸೇತುವೆಯ ಮೇಲೆ ನದಿಯ ಕಡೆಗೆ ಮುಖ ಮಾಡಿ ನಿಲ್ಲಿ.

ನಿಮ್ಮ ಮನೆಯ ಮಗಳು,
ಹೊನ್ನವ್ವ

ಮರೆತಿದ್ದೆ: ಊರು ಎಷ್ಟೇ ಕಡಿಮೆಯಾಗಲಿ, ರೊಟ್ಟಿ ಇನ್ನೂರ ಐವತ್ತಾರೇ ಬಡಿಯಿರಿ.