ಮಾವನವರ ಮಗ್ಗುಲಿನ ಜಾಗ

ಪಾಲಿಕೆಯ ಸಾಹೇಬರಿಗೆ ಶೈಲಾ ಮಾಡುವ ನಮಸ್ಕಾರಗಳು.

ಟಿಕೋಟಾ ರಸ್ತೆಯ ನಮ್ಮ ಹೊಲ ಹೋದ ವರ್ಷ ವಿಜಯಪುರ ನಗರಕ್ಕೆ ಸೇರಿತು. ಹೊಲದ ಮನೆಗೆ ಹಾಕಿದ ಹೊಸ ತೆರಿಗೆಯನ್ನು ತಕರಾರಿಲ್ಲದೆ ಕಟ್ಟಿದ್ದೇವೆ. ನನ್ನ ಮಾವ ಗುರುಪಾದಯ್ಯನವರನ್ನು ಮಣ್ಣು ಮಾಡಿದ್ದು ಅದೇ ಹೊಲದಲ್ಲಿ. ಹಾಸಿಗೆ ಹಿಡಿದ ಅತ್ತೆ ಈಗ ಅನ್ನ, ನೀರು ಬಿಟ್ಟಿದ್ದಾರೆ. "ನನ್ನೂ ಅವರ ಮಗ್ಗಲಕ್ಕ ಇಡವ್ವಾ," ಎನ್ನುತ್ತಾರೆ.

ಅನುಮತಿ ಕೇಳಲು ಬಂದಾಗ ನಿಮ್ಮ ಗುಮಾಸ್ತರು, "ಅದೀಗ ವಸತಿ ವಲಯ ಐತ್ರಿ, ಅಲ್ಲಿ ಹುಗಿಯಾಕ ಬರೂದಿಲ್ಲ," ಎಂದರು. ಅತ್ತೆಗೆ ಇದನ್ನು ಹೇಳುವ ಧೈರ್ಯ ನಮಗಿಲ್ಲ. ನನ್ನ ಗಂಡ ಬೆಳಿಗ್ಗೆಯಿಂದ ಕುಣಿ ತೋಡುತ್ತಿದ್ದಾರೆ.

ದಯಮಾಡಿ ಅನುಮತಿ ಕೊಡಿ. ಕೊಡುವುದಿಲ್ಲವೆಂದರೆ ನೀವೇ ಮನೆಗೆ ಬಂದು ಅತ್ತೆಗೆ ಹೇಳಿ. ಅವರಿಗೆ ಇನ್ನೂ ಕಿವಿ ಕೇಳುತ್ತದೆ.

ನಿಮ್ಮ ದಾರಿ ಕಾಯುತ್ತಿರುವ,
ಶೈಲಾ ಸಂಗನಬಸವ